ಕೊಳವೆ ಖಾಲಿ, ಹೀಚು ಹಳದಿ: ಹಿತ್ತಲಲ್ಲಿ ಒಂಟಿ ಜೇನು ಸಾಕುವಾಗ ಎಲ್ಲಿ ಎಡವುತ್ತೇವೆ

ದಾವಣಗೆರೆಯ ನಮ್ಮ ಮನೆ ಕಾಂಪೌಂಡಿಗೆ ನಾನು ಮೊದಲ ಸಲ ಬಿದಿರಿನ ಕೊಳವೆಗಳ ಕಂತೆ ಕಟ್ಟಿದಾಗ ಎದುರು ಮನೆ ಅಜ್ಜ ಬಂದು ನೋಡಿದರು. "ಏನ್ರೀ ಮೇಷ್ಟ್ರೇ, ಕೊಳಲು ಮಾರಾಕೆ ಶುರು ಮಾಡಿದ್ರಾ?" ಅಂದರು. ಆರು ತಿಂಗಳು ಅದರಲ್ಲಿ ಒಂದು ಹುಳವೂ ಕೂರಲಿಲ್ಲ. ಜೇಡ ಬಲೆ ಕಟ್ಟಿತು, ಹಲ್ಲಿಯೊಂದು ಸಂಸಾರ ಹೂಡಿತು. ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಹೋದೆ. ಒಂದಲ್ಲ, ಐದಾರು ಸಿಕ್ಕವು. ಈಗ ಬೇರೆಯವರು ಬಂದು ಕೇಳುವುದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಹಾಗಾಗಿ ಕಣ್ಣಿಗೆ ಕಾಣುವ ಲಕ್ಷಣ ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂಟಿ ಜೇನು ಅಂದರೆ ತುಡುವೆ ಅಲ್ಲ, ಹೆಜ್ಜೇನು ಅಲ್ಲ, ನಸರಿಯೂ ಅಲ್ಲ. ರಾಣಿ ಇಲ್ಲ, ಆಳುಗಳಿಲ್ಲ, ಇಳಿಸಿಕೊಳ್ಳಲು ತುಪ್ಪವೂ ಇಲ್ಲ. ಪ್ರತಿ ಹೆಣ್ಣೂ ತನ್ನ ಮನೆ ತಾನೇ ಕಟ್ಟಿ, ತಾನೇ ಮೊಟ್ಟೆ ಇಟ್ಟು ಹೋಗುತ್ತದೆ. ನಮ್ಮ ಕಡೆ ಹಿತ್ತಲಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ. ಕೊಳವೆ, ತೂತುಗಳಲ್ಲಿ ಎಲೆ, ಮಣ್ಣು, ಅಂಟು ತಂದು ಮನೆ ಮಾಡುವ ಎಲೆಕತ್ತರಿ ಜೇನು ಮತ್ತು ಅದರ ಬಳಗ. ಒಣ ಮರ, ಬಿದಿರು ಕೊರೆಯುವ ದಪ್ಪ ಕರಿ ದುಂಬಿ. ಮಣ್ಣಿನಲ್ಲಿ ಬಿಲ ತೋಡುವ ನೀಲಿಪಟ್ಟೆ ಜೇನು ಮತ್ತು ಸಣ್ಣಪುಟ್ಟ ನೆಲಜೇನುಗಳು. ಈ ಮೂರರ ವ್ಯತ್ಯಾಸ ತಲೆಯಲ್ಲಿದ್ದರೆ ಕೆಳಗಿನದೆಲ್ಲಾ ಸುಲಭ.

ಬೇಕಾದ ಸಾಮಾನು: ಒಂದು ಟಾರ್ಚು, ಪೊರಕೆ ಕಡ್ಡಿ, ಬಣ್ಣದ ದಾರ. ಜೊತೆಗೆ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕಾಲು ಗಂಟೆ ಸುಮ್ನೆ ಕೂತು ನೋಡುವ ತಾಳ್ಮೆ. ಏನನ್ನೂ ಮುಟ್ಟುವ ಮುಂಚೆ ಆ ಕಾಲು ಗಂಟೆ ಆಗಲೇಬೇಕು.

ಲಕ್ಷಣ: ಹೂವು ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ

ನನ್ನ ಹತ್ತಿರ ಬರುವ ದೂರುಗಳಲ್ಲಿ ಅರ್ಧ ಇದೇ. "ಬಳ್ಳಿ ತುಂಬಾ ಹೂವು ಸಾರ್, ಒಂದು ಕಾಯಿ ಇಲ್ಲ. ಜೇನು ಬರ್ತಿಲ್ಲ ಅನ್ಸುತ್ತೆ." ತಡೀರಿ, ಜೇನಿನ ಮೇಲೆ ತಪ್ಪು ಹೊರಿಸುವ ಮುಂಚೆ ಬಳ್ಳಿ ನೋಡೋಣ.

ಕುಂಬಳ, ಸೌತೆ, ಹಾಗಲ, ಹೀರೆ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಬರೀ ಗಂಡು ಹೂವು. ಹೂವಿನ ಹಿಂಬದಿ ನೋಡಿ. ತೊಟ್ಟು ಸೀದಾ ಹೂವಿಗೆ ಸೇರಿದ್ದರೆ ಗಂಡು. ನಡುವೆ ಪುಟ್ಟ ಹೀಚು ಇದ್ದರೆ ಹೆಣ್ಣು. ಹೆಣ್ಣು ಹೂವೇ ಇಲ್ಲದಿದ್ದರೆ ಯಾವ ಜೇನು ಬಂದರೂ ಕಾಯಿ ಆಗುವುದಿಲ್ಲ, ಕಾಯಬೇಕು ಅಷ್ಟೇ. ಬಿರುಬಿಸಿಲಿನಲ್ಲಿ ಗಂಡು ಹೂವೇ ಜಾಸ್ತಿ ಬರುತ್ತದೆ.

ಹೆಣ್ಣು ಹೂವು ಇದೆ, ಆದರೆ ಹೀಚು ಹಳದಿಯಾಗಿ ಸುಕ್ಕುಗಟ್ಟಿ ಕೆಲವೇ ದಿನಕ್ಕೆ ಉದುರುತ್ತಿದೆ. ಆಗ ಕೈಯಿಂದ ಪರಾಗ ಮುಟ್ಟಿಸಿ ಪರೀಕ್ಷೆ ಮಾಡಿ. ಆಗ ತಾನೇ ಅರಳಿದ ಗಂಡು ಹೂವು ಕಿತ್ತು, ಎಸಳು ಹರಿದು, ಒಳಗಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿ. ಹೀಗೆ ಎರಡು ಹೂವಿಗೆ ಮಾಡಿ ಕೆಂಪು ದಾರ ಕಟ್ಟಿ. ಇನ್ನೆರಡು ಹೂವಿಗೆ ಬಿಳಿ ದಾರ ಕಟ್ಟಿ ಹಾಗೇ ಬಿಡಿ. ವಾರದಲ್ಲಿ ಕೆಂಪು ದಾರದ ಹೀಚು ದಪ್ಪಗಾಗಿ ಬಿಳಿ ದಾರದ್ದು ಉದುರಿದರೆ ನಿಜವಾಗಿಯೂ ಜೇನಿನ ಕೊರತೆ. ನಾಲ್ಕೂ ಉದುರಿದರೆ ತಪ್ಪು ಬೇರೆ ಕಡೆ ಇದೆ: ನೀರು ಹೆಚ್ಚುಕಡಿಮೆ, ಸೆಕೆ, ಇಲ್ಲವೇ ಯೂರಿಯಾ ಸುರಿದು ಬರೀ ಎಲೆ ಬೆಳೆಸಿದ್ದು. ಉದುರಿದ ಹೀಚನ್ನು ಬ್ಲೇಡಿನಲ್ಲಿ ಸೀಳಿ ನೋಡಿ. ಒಳಗೆ ಬಿಳಿ ಹುಳ ಮಿಸುಕಾಡಿದರೆ ಅದು ಹಣ್ಣು ನೊಣದ ಕೆಲಸ. ಅದಕ್ಕೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಬೇಕು. ಅಂಥ ಹೀಚನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಹುಳ ಅಲ್ಲೇ ಬೆಳೆದು ಮತ್ತೆ ಬರುತ್ತದೆ.

ಹೊತ್ತನ್ನೂ ಗಮನಿಸಿ. ಸಿಹಿಗುಂಬಳದ ಹೂವು ನಸುಕಿನಲ್ಲೇ ಅರಳುತ್ತದೆ. ನೀವು ಭಾನುವಾರ ಬೆಣ್ಣೆ ದೋಸೆ ಮುಗಿಸಿ ಬಂದು ನೋಡುವಷ್ಟರಲ್ಲಿ ಮುದುಡಿಕೊಂಡಿರುತ್ತದೆ. "ಒಂದು ಜೇನೂ ಇಲ್ಲ" ಅನ್ನುವವರಲ್ಲಿ ಬಹಳ ಜನ ಹನ್ನೊಂದು ಗಂಟೆಗೆ ನೋಡಿದವರು. ಹೀರೆ, ಸೋರೆ ಇದಕ್ಕೆ ತಿರುಗುಮುರುಗು, ಅವು ಅರಳುವುದೇ ಸಂಜೆ.

ಬದನೆಯ ಕಥೆ ಬೇರೆ. ಒಂದೇ ಗಿಡದಲ್ಲಿ ಎರಡು ಥರದ ಹೂವು ಇರುತ್ತವೆ. ಹಳದಿ ಕೇಸರಗಳ ಮಧ್ಯದಿಂದ ಹಸಿರು ತುದಿ ಹೊರಗೆ ಚಾಚಿದ್ದರೆ ಅದು ಕಾಯಿ ಕಟ್ಟುವ ಹೂವು. ತುದಿ ಒಳಗೇ ಹುದುಗಿದ್ದರೆ ಅದು ಉದುರುವ ಹೂವು. ಉದುರಿದ್ದೆಲ್ಲಾ ಎರಡನೆಯ ಬಗೆಯಾದರೆ ಚಿಂತೆ ಬೇಡ. ಬದನೆ, ಟೊಮೆಟೊ ಎರಡರಲ್ಲೂ ಪರಾಗ ಇರುವುದು ಉಪ್ಪಿನ ಡಬ್ಬಿಯಂಥ ಕೇಸರದ ಒಳಗೆ. ಅಲುಗಾಡಿಸಿದರೆ ತುದಿಯ ತೂತಿನಿಂದ ಉದುರುತ್ತದೆ. ನೀಲಿಪಟ್ಟೆ ಜೇನು ಮತ್ತು ಕರಿ ದುಂಬಿ ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸಿ ಈ ಕೆಲಸ ಮಾಡುತ್ತವೆ. ಹತ್ತಿರ ನಿಂತರೆ 'ಝುಯ್' ಅಂತ ಸಣ್ಣ ಸದ್ದು ಕೇಳುತ್ತದೆ, ಬಿಟ್ಟು ಬಿಟ್ಟು. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಹಾಗೇ, ಬಿಸಿಲು 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ತಾನಾಗೇ ಉದುರುತ್ತದೆ. ನಮ್ಮೂರ ಏಪ್ರಿಲ್‌ನಲ್ಲಿ ಅದಕ್ಕೆ ಜೇನನ್ನು ಬೈದು ಏನು ಪ್ರಯೋಜನ?

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಬದನೆಗೆಂದು ಕೊಳವೆ ಕಟ್ಟಿದೆ. ಆದರೆ ಬದನೆಗೆ ಬೇಕಾದ ನೀಲಿಪಟ್ಟೆ ಜೇನು ಕೊಳವೆಗೆ ಬರುವುದೇ ಇಲ್ಲ, ಅದು ಮಣ್ಣಿನ ಗಿರಾಕಿ. ಸಣ್ಣ ಕೊಳವೆಗೆ ಬರುವ ಎಲೆಕತ್ತರಿ ಬಳಗ ತೊಗರಿ, ಸೆಣಬಿನಂಥ ಹೂವುಗಳಿಗೆ ಬಲು ಒಳ್ಳೆಯದು. ನುಗ್ಗೆಗೆ ಕರಿ ದುಂಬಿ ಬೇಕು. ಅಂದರೆ ಕೊಳವೆ ತುಂಬಿದರೂ ಬದನೆ ಬರಡಾಗಿ ಇರಬಹುದು. ಯಾವ ಗಿಡಕ್ಕೆ ಯಾರು ಬೇಕು ಅನ್ನುವುದು ಮೊದಲು ತೀರ್ಮಾನವಾಗಲಿ.

ಲಕ್ಷಣ: ಕೊಳವೆ ಕಟ್ಟಿ ಎರಡು ತಿಂಗಳಾಯಿತು, ಯಾರೂ ಬಂದಿಲ್ಲ

ಮೊದಲು ಟಾರ್ಚ್ ಹಾಕಿ ಬಾಯಿ ನೋಡಿ. ಜೇಡರ ಬಲೆ ಇದ್ದರೆ ಪೊರಕೆ ಕಡ್ಡಿಯಲ್ಲಿ ತೆಗೆಯಿರಿ. ಆಮೇಲೆ ಕಿರುಬೆರಳನ್ನು ಅಂಚಿನ ಸುತ್ತ ಆಡಿಸಿ. ಸಿಬಿರು ಚುಚ್ಚಿತಾ? ನಿಮಗೆ ಚುಚ್ಚಿದರೆ ಜೇನಿನ ರೆಕ್ಕೆ ಹರಿಯುತ್ತದೆ. ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ. ಇಷ್ಟಕ್ಕೇ ಎಷ್ಟೋ ಕಡೆ ಸರಿಹೋಗಿದ್ದಿದೆ.

ಹಿಂಬದಿ ಮುಚ್ಚಿದೆಯಾ ನೋಡಿ. ಎರಡೂ ಕಡೆ ತೆರೆದ ಕೊಳವೆಯಲ್ಲಿ ಗಾಳಿ ಹಾಯುತ್ತದೆ, ಅಲ್ಲಿ ಯಾರೂ ಮನೆ ಮಾಡುವುದಿಲ್ಲ. ಬಿದಿರನ್ನು ಗಣ್ಣಿನ ಹಿಂದೆ ಕುಯ್ದರೆ ಗಣ್ಣೇ ಗೋಡೆಯಾಗುತ್ತದೆ. ಇಲ್ಲವಾದರೆ ಜೇಡಿಮಣ್ಣು ಮೆತ್ತಿ. ಒಳಗಳತೆ ಎಲೆಕತ್ತರಿ ಬಳಗಕ್ಕೆ 6ರಿಂದ 10 ಮಿಲಿಮೀಟರ್, ಅಂದರೆ ಸುಮಾರು ಪೆನ್ಸಿಲ್ ಹಿಡಿಸುವಷ್ಟು. ಕರಿ ದುಂಬಿಗೆ 12ರಿಂದ 20. ಉದ್ದ 12ರಿಂದ 15 ಸೆಂಟಿಮೀಟರ್ ಇರಲಿ. ಗಿಡ್ಡ ಕೊಳವೆ ಇಟ್ಟರೂ ಬರುತ್ತವೆ, ಆದರೆ ಅಲ್ಲಿ ಒಂದು ಮೋಸ ಇದೆ. ತಾಯಿ ಜೇನು ಹೆಣ್ಣು ಮೊಟ್ಟೆಯನ್ನು ಒಳಗಿನ ಕೋಣೆಗಳಲ್ಲಿ, ಗಂಡು ಮೊಟ್ಟೆಯನ್ನು ಬಾಯಿಯ ಹತ್ತಿರ ಇಡುತ್ತದೆ. ಕೊಳವೆ ಗಿಡ್ಡ ಆದಷ್ಟೂ ಗಂಡೇ ಜಾಸ್ತಿ. ಮುಂದಿನ ಸಲ ಮನೆ ಕಟ್ಟುವವರೇ ಇರುವುದಿಲ್ಲ.

ಬಿದಿರಿಗೆ ದುಡ್ಡು ಕೊಡಬೇಕಿಲ್ಲ. ಬುಟ್ಟಿ, ಏಣಿ ಮಾಡುವವರ ಹತ್ತಿರ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಹಸಿ ಬಿದಿರು ಬೇಡ, ಒಣಗುವಾಗ ಸೀಳುತ್ತದೆ.

ಆಮೇಲೆ ಜಾಗ. ಜೇನು ಸಾಕುವ ಪರದೇಶದ ಬರಹಗಳಲ್ಲಿ 'ದಕ್ಷಿಣಕ್ಕೆ ಮುಖ ಮಾಡಿ, ದಿನವಿಡೀ ಬಿಸಿಲು ಬೀಳಲಿ' ಎಂದಿರುತ್ತದೆ. ಅದು ಚಳಿ ದೇಶದ ಲೆಕ್ಕ. ನನ್ನ ಮೊದಲ ಕಂತೆ ಎಣ್ಣೆ ಡಬ್ಬದೊಳಗೆ, ಪಡುವಣ ಗೋಡೆಯ ಮೇಲೆ ಇತ್ತು. ಮಧ್ಯಾಹ್ನ ಮೂರು ಗಂಟೆಗೆ ಡಬ್ಬ ಮುಟ್ಟಿದರೆ ಕೈ ಸುಡುತ್ತಿತ್ತು. ನಮಗೆ ಕೂರಲಾಗದ ಜಾಗದಲ್ಲಿ ಮರಿ ಬದುಕುತ್ತದೆಯೇ? ನಮ್ಮ ಕಡೆ ಮೂಡಣಕ್ಕೆ ಮುಖ ಇರಲಿ. ಬೆಳಗಿನ ಬಿಸಿಲು ಬೀಳಲಿ, ಹನ್ನೊಂದರ ಮೇಲೆ ನೆರಳು ಬರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಮಳೆ ಎರಡೂ ಪಡುವಣದಿಂದ ಬೀಸುವುದರಿಂದ ಮೂಡಣ ಮುಖ ಅದಕ್ಕೂ ಒಳ್ಳೆಯದು. ಚಿತ್ರದುರ್ಗದ ಕಡೆ ಇರುವವರಿಗೆ ಇನ್ನೊಂದು ಮಾತು. ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಆ ಗಾಳಿಗೆ ದಾರದಲ್ಲಿ ತೂಗುಬಿಟ್ಟ ಕಂತೆ ಉಯ್ಯಾಲೆ ಆಡುತ್ತದೆ. ತೂಗಾಡುವ ಮನೆಗೆ ಜೇನು ಬರುವುದಿಲ್ಲ. ಎದೆಮಟ್ಟದ ಎತ್ತರದಲ್ಲಿ ತಂತಿ ಹಾಕಿ ಗೋಡೆಗೆ ಬಿಗಿಯಾಗಿ ಕಟ್ಟಿ.

ವಾಸನೆಯನ್ನೂ ನೋಡಿ. ವಾರ್ನಿಷ್, ಗೆದ್ದಲಿನ ಔಷಧಿ, ಸೀಮೆಎಣ್ಣೆ, ಫಿನಾಯಿಲ್ ಇವು ಯಾವುದೂ ಹತ್ತಿರ ಬೇಡ.

ಇಷ್ಟೂ ಸರಿ ಇದ್ದು ಖಾಲಿಯೇ ಇದ್ದರೆ ಸುತ್ತ ಕಣ್ಣಾಡಿಸಿ. ಸಣ್ಣ ಜಾತಿಯ ಒಂಟಿ ಜೇನು ಮೇಯಲು ಹೋಗುವುದು ಕೆಲವು ನೂರು ಮೀಟರ್ ಅಷ್ಟೇ. ಆ ಸುತ್ತಳತೆಯಲ್ಲಿ ವರ್ಷವಿಡೀ ಒಂದಲ್ಲ ಒಂದು ಹೂವು ಬೇಕು. ತುಳಸಿ, ಕಾಮಕಸ್ತೂರಿ, ಸೂರ್ಯಕಾಂತಿ, ಬೇಲಿಗೆ ನಾಲ್ಕು ತೊಗರಿ ಗಿಡ ಇದ್ದರೆ ಶುರುವಿಗೆ ಸಾಕು. ನಾನು ತುಳಸಿಯ ಕದಿರನ್ನು ಪೂರ್ತಿ ಚಿವುಟುವುದು ಬಿಟ್ಟೆ, ಅರ್ಧ ಹೂವಿಗೆ ಬಿಡುತ್ತೇನೆ. ಮನೆಯಲ್ಲಿ ಅಮ್ಮನಿಗೆ ಮೊದಮೊದಲು ಇಷ್ಟವಾಗಲಿಲ್ಲ. ಮಣ್ಣು ತರುವ ಜೇನಿಗೆ ಬೇಸಿಗೆಯಲ್ಲಿ ಹಸಿ ಮಣ್ಣೂ ಬೇಕು. ಹಳೆಯ ತಟ್ಟೆಯಲ್ಲಿ ಜೇಡಿ ಬೆರೆತ ಕೆಮ್ಮಣ್ಣು ಹಾಕಿ, ದಿನಾ ಒಂದು ಚೊಂಬು ನೀರು ಹಾಕಿ. ಎರೆಮಣ್ಣು ಬೇಡ, ಒಣಗಿದರೆ ಬಿರುಕು ಬಿಡುತ್ತದೆ.

ಲಕ್ಷಣ: ಬಾಯಿ ಮುಚ್ಚಿದೆ, ಒಳಗೆ ಯಾರೋ?

ಮುಚ್ಚಳವೇ ವಿಳಾಸ. ಹಸಿರು ಎಲೆಯ ದುಂಡು ತುಂಡುಗಳನ್ನು ಒಂದರ ಮೇಲೊಂದು ಒತ್ತಿದ್ದರೆ ಎಲೆಕತ್ತರಿ. ಕಂದು ಬಣ್ಣದ, ಅಂಟಂಟು, ರಾಳದಂಥ ಮುಚ್ಚಳ ಇದ್ದರೆ ಅದೇ ಬಳಗದ ಅಂಟು ತರುವ ಜೇನು. ಒಣಹುಲ್ಲು ತುರುಕಿ ಬಾಯಿಯಿಂದ ಎಳೆ ಹೊರಗೆ ಚಾಚಿದ್ದರೆ ಅದು ಜೇನಲ್ಲ, ಮರಿಗೆ ಮಿಡತೆ ಜಾತಿಯ ಹುಳ ತುಂಬಿಡುವ ಕಡಜ.

ಗೊಂದಲ ಆಗುವುದು ಮಣ್ಣಿನ ಮುಚ್ಚಳದಲ್ಲಿ. ಜೇನೂ ಮಣ್ಣು ಮೆತ್ತುತ್ತದೆ, ನಾವು ಕುಂಬಾರ ಹುಳ ಅನ್ನುವ ಕಡಜವೂ ಮೆತ್ತುತ್ತದೆ. ಮುಚ್ಚಳ ನೋಡಿ ಹೇಳುವುದು ಕಷ್ಟ. ಬರುವ ಹುಳವನ್ನು ನೋಡಿ. ಎಲೆಕತ್ತರಿ ಬಳಗದ ಜೇನು ಪರಾಗವನ್ನು ಕಾಲಲ್ಲಿ ಹೊರುವುದಿಲ್ಲ, ಹೊಟ್ಟೆಯ ಅಡಿಗೆ ಅಂಟಿಸಿಕೊಂಡು ಬರುತ್ತದೆ. ಬಾಯಿಯಲ್ಲಿ ಇಳಿದು ಒಳಗೆ ತೂರುವಾಗ ಹೊಟ್ಟೆಯಡಿ ಅರಿಶಿನ ಬಳಿದ ಹಾಗೆ ಕಾಣುತ್ತದೆ. ಕಡಜದ ಮೈ ನುಣ್ಣಗೆ, ಸೊಂಟ ಸಣ್ಣಗೆ. ಹಸಿರು ಕಂಬಳಿಹುಳವನ್ನೋ ಜೇಡವನ್ನೋ ತಬ್ಬಿಕೊಂಡು ಬರುತ್ತದೆ. ಅದನ್ನು ಓಡಿಸಬೇಡಿ. ನಿಮ್ಮ ಎಲೆಕೋಸಿನ ಹುಳ ಅದರ ಮರಿಯ ಊಟ.

ಮಣ್ಣು ತರುವ ಜೇನಿಗೂ ಕುಂಬಾರ ಹುಳಕ್ಕೂ ಬಾಗಿಲ ಬೀಗ, ಕಿಟಕಿ ಚಡಿ, ಪ್ಲಗ್ ತೂತು ಅಂದರೆ ಪ್ರಾಣ. ಪ್ಲಗ್ ಒಳಗೆ ಮಣ್ಣು ಕಂಡರೆ ಕಡ್ಡಿ ಹಾಕಿ ಕೆದಕಬೇಡಿ. ಮೈನ್ ಆಫ್ ಮಾಡಿ, ಅನುಮಾನ ಇದ್ದರೆ ವೈರಿಂಗ್‌ನವರನ್ನೇ ಕರೆಸಿ.

ಲಕ್ಷಣ: ಮುಚ್ಚಿ ತಿಂಗಳುಗಳಾದವು, ಯಾರೂ ಹೊರಬಂದಿಲ್ಲ

ಅವಸರ ಬೇಡ. ಬೆಚ್ಚಗಿನ, ಹೂವಿರುವ ಕಾಲದಲ್ಲಿ ಕೆಲವು ವಾರಗಳಲ್ಲೇ ಹೊಸ ಜೇನು ಮುಚ್ಚಳ ಒಡೆದು ಬರುತ್ತದೆ. ಒಣ ಕಾಲ ಬಂದರೆ ಮರಿ ಗೂಡಿನೊಳಗೇ ತಿಂಗಳುಗಟ್ಟಲೆ ಮಲಗಿರಬಹುದು. ಮಳೆಗಾಲ ಕಳೆದು ಮುಚ್ಚಿದ ಕೊಳವೆ ಮುಂದಿನ ಮುಂಗಾರಿಗೆ ತೆರೆದದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ವರ್ಷ ತುಂಬುವವರೆಗೆ ಅದನ್ನು ಸತ್ತದ್ದು ಎಂದು ಬಿಸಾಡಬೇಡಿ.

ಅನುಮಾನ ಜಾಸ್ತಿ ಆದರೆ ಎಲ್ಲವನ್ನೂ ಬಿಚ್ಚಬೇಡಿ, ಒಂದೇ ಒಂದು ಕೊಳವೆ ತೆಗೆದು ಚಾಕುವಿನಿಂದ ಉದ್ದಕ್ಕೆ ಸೀಳಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬೂಷ್ಟಿನ ಧೂಳು ಹಾರುತ್ತದೆ. ಒಳಗೆ ರೈಲು ಬೋಗಿಯ ಹಾಗೆ ಸಾಲು ಕೋಣೆ ಕಾಣುತ್ತವೆ. ಬೆಣ್ಣೆ ಬಣ್ಣದ ಮೆತ್ತನೆ ಮರಿ ಅಥವಾ ಕಂದು ರೇಷ್ಮೆಯಂಥ ಗೂಡು ಇದ್ದರೆ ಎಲ್ಲ ಸರಿ. ಸೀಳಿದ್ದನ್ನು ಹಾಗೇ ಜೋಡಿಸಿ ದಾರ ಸುತ್ತಿ ವಾಪಸ್ ಇಡಿ. ಮರಿ ಗಟ್ಟಿಯಾಗಿ ಸೀಮೆಸುಣ್ಣದ ತುಂಡಿನಂತಾಗಿದ್ದರೆ ಶಿಲೀಂಧ್ರದ ರೋಗ. ಆ ಕೊಳವೆ ಸುಟ್ಟುಬಿಡಿ, ಚಾಕು ಕುದಿಯುವ ನೀರಲ್ಲಿ ಅದ್ದಿ. ಪರಾಗದ ಉಂಡೆಯೇ ಬೂದಿ ಬಣ್ಣಕ್ಕೆ ತಿರುಗಿ ಬೂಷ್ಟು ಹಿಡಿದಿದ್ದರೆ ತೇವ ಹೊಕ್ಕಿದೆ ಎಂದರ್ಥ. ಪ್ಲಾಸ್ಟಿಕ್ ಪೈಪು, ಗಾಜಿನ ನಳಿಕೆ ಬಳಸಿದವರಿಗೆ ಇದು ತಪ್ಪಿದ್ದಲ್ಲ, ಅವು ಉಸಿರಾಡುವುದಿಲ್ಲ. ಬಿದಿರೇ ಆಗಿದ್ದರೆ ಮೇಲೆ ಮೂರು ಬೆರಳು ಮುಂದಕ್ಕೆ ಚಾಚಿದ ಸೂರು ಹಾಕಿ, ಬಾಯಿ ತುಸು ಕೆಳಕ್ಕೆ ಬಾಗಿರಲಿ.

ಕೋಣೆ ತುಂಬಾ ರವೆಯಂಥ ಬಿಳಿ ಪುಡಿ, ಕಣ್ಣಿಟ್ಟು ನೋಡಿದರೆ ಹರಿದಾಡುತ್ತಿದೆಯೇ? ಅದು ನುಸಿ. ಮರಿಯ ಊಟ ಅದು ತಿಂದು ಮುಗಿಸುತ್ತದೆ. ಹಳೆಯ ಕೊಳವೆಯನ್ನೇ ವರ್ಷಗಟ್ಟಲೆ ಇಟ್ಟರೆ ಇದು ಬರುವುದು. ಜೇನು ಹೊರಬಂದ ಮೇಲೆ ಆ ಕೊಳವೆಗೆ ಕೆಲಸ ಮುಗಿಯಿತು, ಹೊಸದು ಇಡಿ. ಮರದ ದಿಮ್ಮಿಗೆ ತೂತು ಕೊರೆದವರು ಒಳಗೆ ಕಾಗದ ಸುರುಳಿ ಸೇರಿಸಿದರೆ ಬದಲಾಯಿಸುವುದು ಸುಲಭ.

ಲಕ್ಷಣ: ಮುಚ್ಚಳದಲ್ಲಿ ಗುಂಡುಸೂಜಿಯಷ್ಟು ತೂತು

ಜೇನು ಹೊರಬಂದರೆ ತೂತು ದೊಡ್ಡದಿರುತ್ತದೆ, ಹೆಚ್ಚುಕಡಿಮೆ ಕೊಳವೆಯ ಬಾಯಿಯಷ್ಟೇ. ಮುಚ್ಚಳದಲ್ಲೋ ಕೊಳವೆಯ ಪಕ್ಕದಲ್ಲೋ ಸೂಜಿ ಚುಚ್ಚಿದಂಥ ತೂತು ಕಂಡರೆ ಪರಾವಲಂಬಿ ಕಡಜ ಹೊರಟಿದೆ. ಇದು ಎಳ್ಳಿಗಿಂತ ಸಣ್ಣ ಹುಳ, ಒಂದು ಮರಿಯ ಮೇಲೆ ಹತ್ತಾರು ಬೆಳೆದು, ಪಕ್ಕದ ಕೊಳವೆಗಳಿಗೂ ನುಗ್ಗುತ್ತವೆ. ಇದೊಂದರಲ್ಲಿ ಕರುಣೆ ಬೇಡ. ಕೊಳವೆಯನ್ನು ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಟ್ಟು ಆಮೇಲೆ ಸುಡಿ.

ಹೊಳೆಯುವ ಹಸಿರು ನೀಲಿ ಕಡಜ, ಬಾಲ ಚೂಪಾಗಿರುವ ಕೋಗಿಲೆ ಜೇನು ಇವೂ ಕೊಳವೆಯ ಸುತ್ತ ಸುಳಿಯುತ್ತವೆ. ಕಾಗೆ ಗೂಡಲ್ಲಿ ಕೋಗಿಲೆ ಮಾಡುವ ಕೆಲಸವನ್ನೇ ಮಾಡುತ್ತವೆ. ಇವು ಬಂದರೆ ನಿಮ್ಮಲ್ಲಿ ಜೇನು ಚೆನ್ನಾಗಿದೆ ಎಂದೇ ಲೆಕ್ಕ. ಒಂದೇ ದೊಡ್ಡ ಕಂತೆಯ ಬದಲು ಹತ್ತಿಪ್ಪತ್ತು ಕೊಳವೆಯ ಸಣ್ಣ ಕಂತೆಗಳನ್ನು ಬೇರೆ ಬೇರೆ ಮೂಲೆಗೆ ಕಟ್ಟಿ, ನಷ್ಟ ಹಂಚಿಹೋಗುತ್ತದೆ.

ಲಕ್ಷಣ: ಇರುವೆ ಸಾಲು, ಹಲ್ಲಿ, ಹಕ್ಕಿ

ಕಂಬದ ಮೇಲಿಟ್ಟಿದ್ದರೆ ಕಂಬಕ್ಕೆ ನಾಲ್ಕು ಬೆರಳಗಲ ಗ್ರೀಸ್ ಬಳಿಯಿರಿ, ಧೂಳು ಕೂತಾಗ ಮತ್ತೆ ಬಳಿಯಿರಿ. ಇರುವೆ ಸೀಮೆಸುಣ್ಣ, ಇರುವೆ ಪುಡಿ ಬೇಡವೇ ಬೇಡ, ಅವು ಜೇನಿಗೂ ವಿಷ. ಹಲ್ಲಿ, ಹಕ್ಕಿಗೆ ಕೋಳಿಗೂಡಿನ ಜಾಲರಿಯನ್ನು ಒಂದು ಗೇಣು ಮುಂದಕ್ಕೆ ಕಟ್ಟಿದರೆ ಸಾಕು.

ಲಕ್ಷಣ: ಜೇನು ಸತ್ತು ಬಿದ್ದಿವೆ, ಅಥವಾ ಕಡ್ಡಿ ಕಚ್ಚಿಕೊಂಡು ಅಲುಗಾಡುತ್ತಿಲ್ಲ

ಎರಡನೆಯದು ಮೊದಲು. ಸಂಜೆ ಹೊತ್ತು ಒಣ ಕಡ್ಡಿಯೊಂದಕ್ಕೆ ಐದಾರು ಜೇನು ಸಾಲಾಗಿ, ಬರೀ ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಾಲು ಮಡಚಿ ನೇತಾಡುತ್ತಿದ್ದರೆ ಅವು ಸತ್ತಿಲ್ಲ. ನೀಲಿಪಟ್ಟೆ ಜೇನಿನ ಗಂಡುಗಳಿಗೆ ಮನೆ ಇಲ್ಲ, ರಾತ್ರಿ ಹೀಗೇ ಮಲಗುತ್ತವೆ. ದಿನಾ ಅದೇ ಜಾಗಕ್ಕೆ ಬರುತ್ತವೆ. ನಮ್ಮ ಮನೆಯಲ್ಲಿ ಆ ಕಡ್ಡಿ ಒಣಗಿದ ಕಾಮಕಸ್ತೂರಿಯದ್ದು. ಗಿಡ ಕಿತ್ತು ಎಸೆಯಲು ಹೊರಟವನು ಹಾಗೇ ಬಿಟ್ಟೆ.

ನೆಲದ ಮೇಲೆ ಬಿದ್ದು ಗಿರಗಿರ ತಿರುಗುತ್ತಿದ್ದರೆ, ಕಾಲು ನಡುಗುತ್ತಿದ್ದರೆ, ಸತ್ತವುಗಳ ನಾಲಿಗೆ ಹೊರಚಾಚಿದ್ದರೆ ವಿಷದ ಅನುಮಾನ ಪಡಿ. ಹಿಂದಿನ ಎರಡು ದಿನದಲ್ಲಿ ಯಾರು, ಎಲ್ಲಿ, ಏನು ಹೊಡೆದರು ಕೇಳಿ. ಊರಂಚಿನಲ್ಲಿದ್ದರೆ ಮೆಕ್ಕೆಜೋಳ, ಹತ್ತಿ, ದಾಳಿಂಬೆ ಹೊಲಗಳ ಸಿಂಪಡಣೆ. ಊರೊಳಗೆ ಸೊಳ್ಳೆಗೆ ಬಿಡುವ ಹೊಗೆ. ಮನೆಯೊಳಗಿನದ್ದೇ ಜಾಸ್ತಿ: ಗುಲಾಬಿಯ ಹೇನಿಗೆ ನಾವೇ ಹೊಡೆದ ಔಷಧಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಥರದವು ಗಿಡದ ರಸದಲ್ಲಿ ಸೇರಿ ಪರಾಗ, ಮಕರಂದಕ್ಕೂ ಬರುತ್ತವೆ. ಎಲೆಗೆ ಹೊಡೆದೆ, ಹೂವಿಗಲ್ಲ ಎಂದು ಸಮಾಧಾನ ಪಡುವಂತಿಲ್ಲ. ಹೇನಿಗೆ ಪೈಪಿನ ನೀರನ್ನು ಜೋರಾಗಿ ಬಿಟ್ಟರೂ ಉದುರುತ್ತವೆ. ಬೇವಿನೆಣ್ಣೆಯಾದರೂ ಸಂಜೆ ಮಾತ್ರ, ಅರಳಿದ ಹೂವು ಬಿಟ್ಟು. ಹೊಗೆ ಬಿಡುವವರು ಬೀದಿಗೆ ಬಂದರೆ ಕಂತೆಗೆ ಒದ್ದೆ ಗೋಣಿ ಹೊದಿಸಿ, ಅವರು ಹೋಗಿ ಒಂದು ಗಂಟೆ ಆದಮೇಲೆ ತೆಗೆಯಿರಿ. ಸತ್ತ ಜೇನನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಲಕ್ಷಣ: ಗುಲಾಬಿ ಎಲೆಯ ಅಂಚಿನಲ್ಲಿ ದುಂಡು ಕತ್ತರಿ

ಬಳೆಯ ತುಂಡಿಟ್ಟು ಕತ್ತರಿಸಿದಷ್ಟು ನೀಟಾಗಿ ಇದ್ದರೆ ಎಲೆಕತ್ತರಿ ಜೇನು. ಎಲೆಯ ನಡುವೆ ಅಂಕುಡೊಂಕು ತೂತಾಗಿ, ಕೆಳಗೆ ಕರಿ ಹಿಕ್ಕೆ ಬಿದ್ದಿದ್ದರೆ ಕಂಬಳಿಹುಳ. ಮೊದಲನೆಯದಕ್ಕೆ ಔಷಧಿ ಬೇಡ, ಗಿಡಕ್ಕೆ ಏನೂ ಆಗುವುದಿಲ್ಲ.

ಲಕ್ಷಣ: ತೊಲೆಯಿಂದ ಹೊಟ್ಟು ಉದುರುತ್ತಿದೆ

ಹಳೆಯ ಮನೆಗಳವರ ಗೋಳು ಇದು. ನೆಲದ ಮೇಲೆ ಹಳದಿ ಹೊಟ್ಟಿನ ಗುಪ್ಪೆ, ಮೇಲೆ ಬೆರಳು ಹೋಗುವಷ್ಟು ದುಂಡು ತೂತು. ತೂತು ದುಂಡಗೆ ದೊಡ್ಡದಿದ್ದರೆ ಕರಿ ದುಂಬಿ. ಸಣ್ಣ ಸಣ್ಣ ತೂತು, ಹಿಟ್ಟಿನಂಥ ನುಣುಪು ಪುಡಿ ಇದ್ದರೆ ಕುಟ್ಟೆ ಹುಳ. ಮಣ್ಣಿನ ಸುರಂಗ ಇದ್ದರೆ ಗೆದ್ದಲು. ಕೊನೆಯ ಎರಡು ಜೇನಿನ ಲೆಕ್ಕಕ್ಕೆ ಬರುವುದಿಲ್ಲ, ಬಡಗಿಗೆ ತೋರಿಸಿ.

ಕರಿ ದುಂಬಿ ಮರ ತಿನ್ನುವುದಿಲ್ಲ, ಕೊರೆದು ಮನೆ ಮಾಡುತ್ತದೆ. ಒಂದೆರಡು ತೂತಿಗೆ ತೊಲೆ ಬೀಳುವುದಿಲ್ಲ. ಆದರೆ ವರ್ಷ ವರ್ಷ ಅಲ್ಲೇ ಕೊರೆಯಲು ಬಿಟ್ಟರೆ ಟೊಳ್ಳಾಗುತ್ತದೆ. ದಪ್ಪ ಬಿದಿರು, ಒಣಗಿದ ಮೆತ್ತನೆ ಮರದ ಕೊಂಬೆಯನ್ನು ಹತ್ತಿರ ಕಟ್ಟಿ ಬೇರೆ ಮನೆ ತೋರಿಸಿ. ವಾರಗಟ್ಟಲೆ ಹೊಸ ಹೊಟ್ಟು ಬೀಳದೆ, ಓಡಾಟ ನಿಂತ ಮೇಲೆ ತೊಲೆಯ ತೂತಿಗೆ ಮರದ ಬಿರಡೆ ಹೊಡೆದು ಬಣ್ಣ ಬಳಿಯಿರಿ. ಬಣ್ಣ ಇರುವ ಮರಕ್ಕೆ ದುಂಬಿ ಅಷ್ಟಾಗಿ ಬರುವುದಿಲ್ಲ. ಒಳಗೆ ಮರಿ ಇರುವಾಗ ಸಿಮೆಂಟ್ ಮೆತ್ತಿದರೆ ಅವು ಇನ್ನೊಂದು ಕಡೆಯಿಂದ ಕೊರೆದು ಬರುತ್ತವೆ. ಭಾರ ಹೊರುವ ತೊಲೆಯಲ್ಲಿ ಹತ್ತಾರು ತೂತು ಕಂಡರೆ ಏಣಿ ಹತ್ತಿ ಸಾಹಸ ಬೇಡ, ತಿಳಿದವರಿಗೆ ತೋರಿಸಿ.

ಎಲ್ಲಿ ಕೈ ಬಿಡಬೇಕು

ಒಂಟಿ ಜೇನು ಗುಂಪಾಗಿ ದಾಳಿ ಮಾಡುವುದಿಲ್ಲ. ಕೈಯಲ್ಲಿ ಅದುಮಿದರೆ, ಅಂಗಿಯೊಳಗೆ ಸಿಕ್ಕಿಕೊಂಡರೆ ಹೆಣ್ಣು ಕುಟುಕಬಹುದು. ಗಂಡಿಗೆ ಮುಳ್ಳೇ ಇಲ್ಲ. ಕುಟುಕಿದ ಜಾಗಕ್ಕೆ ತಣ್ಣೀರ ಬಟ್ಟೆ ಸಾಕು. ಆದರೆ ತುಟಿ, ಗಂಟಲು ಊದಿಕೊಂಡರೆ, ಮೈಯೆಲ್ಲಾ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಿ. ಹಿಂದೆ ಯಾವಾಗಲಾದರೂ ಹೀಗಾಗಿದ್ದವರು ಕಂತೆ ಬಿಚ್ಚುವ ಕೆಲಸವನ್ನು ಬೇರೆಯವರಿಗೆ ಬಿಡಿ.

ನೀರಿನ ಟ್ಯಾಂಕ್ ಕೆಳಗೋ ಮರದ ಕೊಂಬೆಯಲ್ಲೋ ಮೊರದಗಲ ಕರಿ ತಟ್ಟಿ ನೇತಾಡಿದರೆ ಅದು ಹೆಜ್ಜೇನು. ಈ ಬರಹ ಅದಕ್ಕಲ್ಲ. ಕಲ್ಲು, ಹೊಗೆ, ಬೆಂಕಿ ಏನೂ ಬೇಡ. ಮಕ್ಕಳನ್ನು ದೂರ ಇಟ್ಟು ಜೇನು ಬಿಡಿಸಲು ಗೊತ್ತಿರುವವರನ್ನು ಕರೆಸಿ.

ಕೈಪರೀಕ್ಷೆ ಮಾಡಿದರೂ ಕಾಯಿ ಕಟ್ಟದಿದ್ದರೆ ಹೂವು, ಹೀಚು, ಎಲೆ ಮೂರನ್ನೂ ಕಾಗದದಲ್ಲಿ ಸುತ್ತಿಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ದಾವಣಗೆರೆಯವರಿಗೆ ತರಳಬಾಳು ಕೇಂದ್ರ ಇದೆ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂ. ಬಾಯಲ್ಲಿ ವರ್ಣಿಸುವುದಕ್ಕಿಂತ ವಸ್ತು ತೋರಿಸಿದರೆ ಬೇಗ ಉತ್ತರ ಸಿಗುತ್ತದೆ.

ಲಕ್ಷಣ: ನೆಲದಲ್ಲಿ ಸಣ್ಣ ಬಿಲಗಳು, ಪಕ್ಕದಲ್ಲಿ ಮಣ್ಣಿನ ಗುಪ್ಪೆ

ಇರುವೆ ಎಂದು ಬಿಸಿನೀರು ಸುರಿಯುವ ಮುಂಚೆ ಹತ್ತು ನಿಮಿಷ ನೋಡಿ. ಸಾಲುಗಟ್ಟಿ ಓಡಾಡಿದರೆ ಇರುವೆ. ಒಂದು ಬಿಲಕ್ಕೆ ಒಂದೇ ಹುಳ ಹಾರಿ ಬಂದು ಒಳಗೆ ಹೋದರೆ ನೆಲಜೇನು. ಹೊಟ್ಟೆಯ ಮೇಲೆ ನೀಲಿ ಹೊಳಪಿನ ಪಟ್ಟಿ ಕಂಡರೆ ನಿಮ್ಮ ಬದನೆಗೆ ಬೇಕಾದದ್ದು ಬಂದಿದೆ. ಹಿಂದೆ ಮಣ್ಣಿನ ಮಾಳಿಗೆ ಮನೆಗಳ ಗೋಡೆಯಲ್ಲಿ ಇವು ಬೇಕಾದಷ್ಟು ಇರುತ್ತಿದ್ದವು. ಈಗ ಗೇಟಿನಿಂದ ಹಿತ್ತಲವರೆಗೆ ಸಿಮೆಂಟು, ಟೈಲ್ಸು. ಬಿಲ ತೋಡಲು ಅಂಗೈ ಅಗಲ ಮಣ್ಣಿಲ್ಲ.

ನಾನು ತುಳಸಿಕಟ್ಟೆಯ ಪಕ್ಕದಲ್ಲಿ ಎರಡು ಟೈಲ್ಸ್ ಎಬ್ಬಿಸಿ ಕೆಮ್ಮಣ್ಣು ತುಂಬಿ ಗಟ್ಟಿಯಾಗಿ ತುಳಿದೆ. ಎದುರು ಮನೆ ಅಜ್ಜ ಮತ್ತೆ ಬಂದರು. "ದುಡ್ಡು ಕೊಟ್ಟು ಹಾಕ್ಸಿದ್ದು, ದುಡ್ಡು ಕೊಟ್ಟೇ ತೆಗ್ಸಿದ್ರಾ?" ಅಂದರು. ಹೌದು, ಗಾರೆಯವನಿಗೆ ಅರ್ಧ ದಿನದ ಕೂಲಿ ಕೊಟ್ಟೆ. ಆ ಜಾಗಕ್ಕೆ ಪೈಪ್ ಹಿಡಿಯುವುದಿಲ್ಲ, ಕಸ ಗುಡಿಸುವಾಗ ಮೆಲ್ಲಗೆ, ಗೊಬ್ಬರ ಹಾಕುವುದಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಮ್ಯಾಟಿನಷ್ಟು ಅಗಲದಲ್ಲಿ ಏಳು ಬಿಲ ಎಣಿಸಿದೆ. ಆ ಸಲ ಬದನೆ ಗಿಡಕ್ಕೆ ಊರುಗೋಲು ಕೊಡಬೇಕಾಯಿತು.